ಹಲ್ಲು ಮುರಿದ ಕತ್ತರಿ

ಅಳತೆ ಹಲಗೆಯ ಮೇಲೆ ಮೀನಿಟ್ಟ ಗಂಡನ ಕೈಯನ್ನು ವರ್ಲೀನ್ ಒಮ್ಮೆ ನೋಡಿದಳು. ಹೆಬ್ಬೆರಳಿನ ಉಗುರಿನಡಿ ರಕ್ತ. ಮುಖದ ಮೇಲೆ ಮಾತ್ರ ಭಾನುವಾರದ ಚರ್ಚಿನ ಕಳೆ.

ಅರಾನ್ಸಸ್ ಕೊಲ್ಲಿಯ ಕೆಂಪುಮೀನಿನ ಪಂದ್ಯದಲ್ಲಿ ಮೀನು ಜೀವಂತವಾಗಿರಬೇಕು, ಇಪ್ಪತ್ತೆಂಟು ಅಂಗುಲ ಮೀರಬಾರದು. ಅದರೊಳಗೆ ಯಾರ ಮೀನು ಹೆಚ್ಚು ತೂಗುತ್ತದೋ ಅವರ ಹೆಸರು ಹಿತ್ತಾಳೆ ತಗಡಿನಲ್ಲಿ ಗಾಳದಂಗಡಿಯ ಗೋಡೆಗೆ. ವರ್ಷವಿಡೀ ಊರೆಲ್ಲ ತನ್ನ ಮೀನು ಉದ್ದ ಅಂತ ಕೊಚ್ಚಿಕೊಂಡರೆ, ಈ ಒಂದು ದಿನ ಮಾತ್ರ ಉದ್ದವಾದದ್ದಕ್ಕೆ ಅಳುತ್ತದೆ. ಹಲಗೆ ವರ್ಲೀನಳ ಅಪ್ಪನದು. ಹತ್ತೊಂಬತ್ತು ವರ್ಷದಿಂದ ಅಳೆಯುವವಳು ಅವಳೇ. ಅವಳು ‘ಸರಿ’ ಅಂದಮೇಲೆ ಇನ್ನೊಮ್ಮೆ ಅಳೆಯಿರಿ ಅಂತ ಯಾರೂ ಕೇಳಿದ್ದಿಲ್ಲ. ಅವಳ ಆಸ್ತಿ ಅಂದರೆ ಆ ಒಂದು ಮಾತು.

“ಮೊಳಕಾಲುದ್ದ ನೀರಲ್ಲಿ ಬಾಲ ಮೇಲೆತ್ಕೊಂಡು ಏಡಿ ಹೆಕ್ತಿತ್ತು ಕಣೇ,” ಎಂದ ಗಂಡ ಡೆಲ್‌ಬರ್ಟ್, ಗುಂಪಿಗೆಲ್ಲ ಕೇಳುವಂತೆ. “ಗಳ ಊರ್ಕೊಂಡು ಬೆಕ್ಕಿನ ಹಾಗೆ ದೋಣಿ ತಂದೆ. ಒಂದೇ ಎಸೆತ!”

“ಹನ್ನೊಂದು ವರ್ಷ ಸೋತಮೇಲೆ ಒಂದು ಎಸೆತ!” ಸಾಲಿನಲ್ಲಿ ಹಿಂದಿದ್ದ ಆರ್ನುಲ್ಫೋ ನಕ್ಕ. “ಬೇಗ ಅಳೆಯಕ್ಕಾ, ಅವನ ಮೀಸೆ ಮಣ್ಣಾಗೋದು ನೋಡ್ಬೇಕು.”

ವರ್ಲೀನ್ ಮೀನಿನ ಮೂತಿಯನ್ನು ಹಲಗೆಯ ತುದಿಗೆ ಒತ್ತಿ, ಬಾಲದ ಎರಡು ತುದಿಗಳನ್ನು ಒಟ್ಟಿಗೆ ಸೇರಿಸಿ ಹಿಡಿದಳು. ಇಪ್ಪತ್ತೆಂಟು. ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಗುಂಪು ಸೀಟಿ ಹೊಡೆಯಿತು.

ಅವಳ ಬೆರಳಿಗೆ ಮಾತ್ರ ಬಾಲದ ಅಂಚು ಗರಗಸದಂತೆ ತಾಗಿತು. ಬಗ್ಗಿ ನೋಡಿದಳು. ಪುಟ್ಟ ಪುಟ್ಟ ಹಲ್ಲುಗಳ ಸಾಲು, ಲಂಗದ ಅಂಚಿಗೆ ಕೊಟ್ಟ ಹಾಗೆ. ನಡುವೆ ಒಂದು ಹಲ್ಲು ಇಲ್ಲ. ಅವಳ ಹೊಲಿಗೆ ಪೆಟ್ಟಿಗೆಯ ಜಿಗ್‌ಜಾಗ್ ಕತ್ತರಿಯಲ್ಲೂ ಒಂದು ಹಲ್ಲು ಇಲ್ಲ. ಆ ಕತ್ತರಿ ಗುರುವಾರದಿಂದ ಕಾಣೆ. ಹುಡುಕಲು ಸೋಫಾದಡಿ ತೆವಳಿದವನು ಇದೇ ಡೆಲ್‌ಬರ್ಟ್.

ವರ್ಲೀನ್ ಬಾಲದಿಂದ ಕೈ ತೆಗೆದು ಗಂಡನತ್ತ ತಿರುಗಿದಳು.

“ನನ್ನ ಕತ್ತರಿ ಎಲ್ಲಿ?”

“ಮೆಲ್ಲಗೇ, ಮಾರಾಯ್ತಿ!” ಅವನು ಕಿವಿಯ ಬಳಿ ಬಂದ. “ನೇರ ಕತ್ತರಿಸಿದ್ರೆ ಗೊತ್ತಾಗುತ್ತೆ. ಹೀಗಾದ್ರೆ ತಾನಾಗೇ ಸವೆದ ಹಾಗೆ ಕಾಣುತ್ತೆ ಅಂತ. ಕಾಲಂಗುಲ ಅಷ್ಟೇ. ಸರಿ ಅಂದ್ಬಿಡು.”

ವರ್ಲೀನ್ ಬಾಲವನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು. “ಕತ್ತರಿಸಿದ ಬಾಲ. ಈ ಮೀನು ಪಂದ್ಯಕ್ಕಿಲ್ಲ.”

ಗುಂಪು ಕ್ಯಾಕರಿಸಿ ಉಗಿಯುತ್ತದೆ ಅಂದುಕೊಂಡಿದ್ದಳು. ಗುಂಪು ನಕ್ಕಿತು.

“ಹೊಲಿಗೆ ಕತ್ತರೀಲೇನೋ, ಪೆದ್ದ ಮುಂಡೇದೇ!” ಆರ್ನುಲ್ಫೋ ತೊಡೆ ತಟ್ಟಿಕೊಂಡ. “ಉಗುರು ಕತ್ತರೀಲಿ ಒಂಚೂರು ತೆಗೆದು, ಮರಳಲ್ಲಿ ಉಜ್ಜಬೇಕು ಕಣೋ. ಗೆರೇನೇ ಉಳಿಯಲ್ಲ!”

“ಉಪ್ಪುಕಾಗದ ಇನ್ನೂ ನಯ,” ಎಂದಿತು ಇನ್ನೊಂದು ದನಿ.

ನಗು ತಾನಾಗಿ ನಿಂತಿತು. ಬಾಯಿಗೆ ಬಂದದ್ದನ್ನು ನುಂಗಲು ತಡವಾಗಿತ್ತು.

“ಆರ್ನುಲ್ಫೋ, ನಿನ್ನ ಮೀನು ಇಡು. ಬಾಲ ಮೊದಲು,” ಎಂದಳು ವರ್ಲೀನ್.

“ನನ್ನದು... ಬಹಳ ಸುಸ್ತಾಗಿದೆ ಅಕ್ಕಾ. ಪಾಪ, ನೀರಿಗೆ ಬಿಟ್ಬಿಡ್ತೀನಿ.”

ಅವನ ಹಿಂದಿದ್ದವರಿಗೂ ಇದ್ದಕ್ಕಿದ್ದಂತೆ ಮೀನಿನ ಮೇಲೆ ಕರುಣೆ ಉಕ್ಕಿತು. ದೋಣಿಕಟ್ಟೆಯುದ್ದಕ್ಕೂ ಮೀನಿನ ನೀರುಚೀಲಗಳು ಬಗ್ಗಿದವು, ಬುಳುಂ, ಬುಳುಂ. ಐದು ನಿಮಿಷದಲ್ಲಿ ಸಾಲೇ ಇರಲಿಲ್ಲ. ಡೆಲ್‌ಬರ್ಟನ ಮೀನನ್ನು ವರ್ಲೀನ್ ತಾನೇ ನೀರಿಗೆ ಬಿಟ್ಟಳು. ಅದು ಹಲ್ಲುಬಾಲ ಬೀಸುತ್ತಾ ಹುಲ್ಲಿನೊಳಗೆ ಹೋಯಿತು.

“ಕತ್ತರಿ ದೋಣೀಲಿದೆ. ತೊಳೆದು ಕೊಡ್ತೀನಿ ಬಿಡು,” ಎಂದ ಡೆಲ್‌ಬರ್ಟ್.

ಅವಳು ಗಾಳದಂಗಡಿಗೆ ನಡೆದಳು. ಎರಡು ಸಲ ಸೋಪು ಹಾಕಿ ಕೈ ತೊಳೆದಳು, ನಾತ ಹೋಗಲಿಲ್ಲ. ಗೋಡೆಯ ಮೇಲೆ ಅವಳು ‘ಸರಿ’ ಅಂದ ಹತ್ತೊಂಬತ್ತು ಹಿತ್ತಾಳೆ ಹೆಸರುಗಳು ಹೊಳೆಯುತ್ತಿದ್ದವು. ನಾಲ್ಕು ಆರ್ನುಲ್ಫೋನದೇ.

“ಒಂದು ಸ್ಕ್ರೂಡ್ರೈವರ್ ಕೊಡಪ್ಪಾ,” ಎಂದಳು ಅಂಗಡಿಯವನಿಗೆ.

“ಯಾವ ಹೆಸರು ಸಡಿಲ ಆಗಿದೆ ಅಕ್ಕಾ?”

“ನಂದು,” ಎಂದು ಅವಳು ಮೊದಲ ತಗಡಿನ ಸ್ಕ್ರೂ ಬಿಚ್ಚತೊಡಗಿದಳು.