ಅರ್ಧ ಅವಧಿ

ಅಂಗಳದ ಬಾಗಿಲಿಗೆ ಅಡ್ಡ ಚಾಚಿದ್ದ ಕಾಂತರಾಜನ ಕೈಯನ್ನು ಅಕ್ಕಯಮ್ಮ ತಳ್ಳಿಬಿಟ್ಟಳು.

"ನೀನು ಬರಬಾರ್ದು ಅಂತ ಅಣ್ಣ ಹೇಳವ್ನೆ," ಅಂದ ಸತ್ತವಳ ಮೈದುನ.

"ನಿಮ್ಮಣ್ಣ ಯಾವನ್ಲಾ ನನ್ನ ತಡೆಯೋಕೆ? ಸರಿ ಅತ್ಲಾಗೆ!"

ಪಂಚಾಯಿತಿ ಅಧ್ಯಕ್ಷೆ ದೊಡ್ಡಮುನಿಯಮ್ಮ ಹಿಂದಿನ ಸಂಜೆ ಕೋಲಾರದ ಆಸ್ಪತ್ರೆಯಲ್ಲಿ ಎದೆನೋವಿನಿಂದ ತೀರಿಕೊಂಡಿದ್ದಳು. ಅವಳ ಗಂಡ ಶ್ರೀರಾಮಪ್ಪ ಹೆಣದ ತಲೆದೆಸೆಗೆ ಕುರ್ಚಿ ಹಾಕಿಕೊಂಡು, ಬಂದವರ ಹಾರಗಳನ್ನು ತಾನೇ ಇಸಿದುಕೊಳ್ಳುತ್ತಿದ್ದ. ಪಂಚಾಯಿತಿಯಲ್ಲೂ ಅವನು ಹಾಗೆಯೇ. ಕುರ್ಚಿ ಹೆಂಡತಿಯದು, ಕೂರುವವನು ಅವನು. ಉಪಾಧ್ಯಕ್ಷೆ ಅಕ್ಕಯಮ್ಮ ಈ ಹೊಸ್ತಿಲು ತುಳಿದು ವರ್ಷವಾಗಿತ್ತು. ಕೊಟ್ಟ ಮಾತಿಗೆ ತಪ್ಪಿದವಳ ಮೇಲಿನ ಸಿಟ್ಟು ಹೆಣ ಕಂಡರೂ ಇಳಿಯಲಿಲ್ಲ.

*

ಅಧ್ಯಕ್ಷಗಿರಿಗೆ ಇಬ್ಬರೂ ಪಟ್ಟು ಹಿಡಿದಾಗ ರಾಜಿ ಮಾಡಿಸಿದವರು ಚರಿತ್ರೆಯ ಪಾಠ ಹೇಳುತ್ತಿದ್ದ ಕದಿರಪ್ಪ ಮೇಷ್ಟ್ರು. ಅವಧಿಯ ಮೊದಲ ಅರ್ಧ ದೊಡ್ಡಮುನಿಯಮ್ಮ, ಉಳಿದರ್ಧ ಅಕ್ಕಯಮ್ಮ.

"ಹಿಂದೆ ರೋಮ್ ಅನ್ನೋ ಪಟ್ಟಣದಲ್ಲಿ ಒಂದೇ ಅಧಿಕಾರಕ್ಕೆ ಇಬ್ರನ್ನ ಕೂರಿಸ್ತಿದ್ರು ಕಣಮ್ಮ. ಒಬ್ಬ ಬೇಡ ಅಂದ್ರೆ ಮುಗೀತು, ಇನ್ನೊಬ್ಬನ ಅಪ್ಪಣೆ ನಡೀತಿರ್ಲಿಲ್ಲ. ಯಾರೊಬ್ಬನೂ ರಾಜ ಆಗಬಾರ್ದು ಅಂತ."

"ಹಂಗಾದ್ರೆ ನಾವೂ ಹಂಗೇ ಇರೋಣ," ಅಂದಿದ್ದಳು ದೊಡ್ಡಮುನಿಯಮ್ಮ.

ಅದುವರೆಗೆ ಹೆಬ್ಬೆಟ್ಟೊತ್ತುತ್ತಿದ್ದವಳು ಮೇಷ್ಟ್ರ ಹತ್ತಿರ ರುಜು ಕಲಿತಳು. ರಾಗಿಹಿಟ್ಟಿನ ಮೇಲೂ ಬೆರಳಲ್ಲಿ ಹೆಸರು ಬರೆಯುವಳು. "ಇನ್ನು ಸಾಯೋತಂಕ ಹೆಬ್ಬೆಟ್ಟು ಒತ್ತಲ್ಲ ಕಣೇ!" ಎಂದು ನಗುವಳು. ಟೇಕಲ್ ಬೆಟ್ಟದ ಬುಡದಲ್ಲಿ ಜಲ್ಲಿ ಕ್ರಷರ್ ಹಾಕಲು ಸಾಹುಕಾರನೊಬ್ಬನಿಗೆ ಪಂಚಾಯಿತಿಯ ಒಪ್ಪಿಗೆ ಕೊಡಿಸಲು ಶ್ರೀರಾಮಪ್ಪ ಹವಣಿಸಿದಾಗ ಇಬ್ಬರೂ ಒಟ್ಟಿಗೆ ಬೇಡ ಅಂದರು. ಆ ರಾತ್ರಿ ಅವಳಿಗೆ ಏಟು ಬಿತ್ತೆಂದು ಊರೇ ಮಾತಾಡಿಕೊಂಡಿತು.

ಅವಧಿಯ ಅರ್ಧ ಕಳೆಯಿತು. ರಾಜೀನಾಮೆ ಬರಲಿಲ್ಲ. ಅಕ್ಕಯಮ್ಮ ರಸ್ತೆಯಲ್ಲೇ ತಡೆದು ಕೇಳಿದ್ದಳು.

"ರಾಜೀನಾಮೆ ಕೊಡೋಕೆ ಕೋಲಾರಕ್ಕೆ ಹೊರಟ್ರೆ ಒಳಗೆ ಕೂಡಿ ಬೀಗ ಹಾಕ್ತಾನೆ ಕಣೇ. ಕುರ್ಚಿ ಬಿಡದೇ ಇರೋನು ಅವನು, ನಾನಲ್ಲ."

"ನಾಟಕ ಆಡಬೇಡ," ಎಂದು ಅಕ್ಕಯಮ್ಮ ಉಗಿದು ಹೊರಟುಹೋಗಿದ್ದಳು.

*

ಸೀರೆ ಅಡ್ಡ ಕಟ್ಟಿ ಹೆಂಗಸರು ಹೆಣಕ್ಕೆ ನೀರು ಹಾಕುತ್ತಿದ್ದರು. ಮಗಳು ಮೇಘನ ತಾಯಿಯ ಎಡಗೈಗೆ ಸೀಗೆಪುಡಿ ಹಚ್ಚಿ ಉಜ್ಜುತ್ತಲೇ ಇದ್ದಳು.

"ಹೋಗ್ತಾ ಇಲ್ಲ ಚಿಕ್ಕಮ್ಮ."

ಅಕ್ಕಯಮ್ಮ ಬಗ್ಗಿ ನೋಡಿದಳು. ಹೆಬ್ಬೆರಳಿಗೆ ನೀಲಿ ಮಸಿ ಮೆತ್ತಿತ್ತು.

"ಇದ್ಯಾವಾಗ ಹತ್ತಿದ್ದು?"

ಮೇಘನ ದನಿ ತಗ್ಗಿಸಿದಳು. "ಆಸ್ಪತ್ರೆಯಿಂದ ತಂದಾಗ ಇರ್ಲಿಲ್ಲ. ಆಮೇಲೆ ಅಪ್ಪ ಎಲ್ರನ್ನೂ ಆಚೆ ಕಳಿಸಿ ಬಾಗಿಲು ಹಾಕ್ಕೊಂಡ. ಕ್ರಷರ್ ಸಾಹುಕಾರನೂ ಒಳಗಿದ್ದ."

ಅಕ್ಕಯಮ್ಮನ ಮೈ ಉರಿದುಹೋಯಿತು. ಬೀಗದ ಮಾತು ನಿಜವೇ ಆಗಿತ್ತು, ತಾನು ನಂಬಿರಲಿಲ್ಲ. ಮಗಳ ಕೈಯಿಂದ ಸೀಗೆಪುಡಿ ಕಿತ್ತುಕೊಂಡಳು.

"ತೊಳೀಬೇಡ. ಹಂಗೇ ಇರ್ಲಿ."

ಅಡ್ಡಸೀರೆಯಾಚೆ ಬಂದು ಶ್ರೀರಾಮಪ್ಪನ ಎದುರು ನಿಂತಳು. "ಸತ್ತವಳ ಬೆರಳು ಹಿಡಿದು ಯಾವ ಕಾಗದಕ್ಕೆ ಒತ್ತಿಸ್ದೆ? ರುಜು ಕಲಿತಿದ್ದೋಳಿಗೆ ಹೆಬ್ಬೆಟ್ಯಾಕೆ ಬೇಕಿತ್ತಲೋ?"

ಅಂಗಳದಲ್ಲಿ ಕೂತಿದ್ದ ಕದಿರಪ್ಪ ಮೇಷ್ಟ್ರು ಗೋಡೆ ಹಿಡಿದು ಎದ್ದರು.

"ಹೆಣದ ಮುಂದೆ ರಾಜಕೀಯ ಮಾಡ್ತೀಯೇನೇ?" ಶ್ರೀರಾಮಪ್ಪ ಗದರಿದ.

"ಮಾಡ್ದೋನು ನೀನು! ಅವಳು ಕ್ರಷರ್ ಬೇಡ ಅಂದಿದ್ಲು. ಅವಳ ಬಾಯಿ ನಿಂತೋಯ್ತು. ನಾನಿನ್ನೂ ಇದೀನಿ. ಬೇಡ ಅಂತೀನಿ. ಅದೇನು ಮಾಡ್ಕೋತೀಯೋ ಮಾಡ್ಕೋ."

ಹಾರ ತಂದಿದ್ದ ಒಬ್ಬರು ಅದನ್ನು ಅವನ ಕೈಗೆ ಕೊಡದೆ, ಸುಮ್ಮನೆ ಹೆಣದ ಕಾಲ ಬಳಿ ಇಟ್ಟು ಹಿಂದೆ ಸರಿದರು.

ತಮಟೆ ಶುರುವಾಯಿತು. ಚಟ್ಟ ಎತ್ತುವಾಗ ಶ್ರೀರಾಮಪ್ಪ ಧಾವಿಸಿ ಬಂದು ಹೆಂಡತಿಯ ಕೈಯನ್ನು ಬಿಳಿ ಬಟ್ಟೆಯೊಳಗೆ ತುರುಕಿದ. ಅಕ್ಕಯಮ್ಮ ಅದನ್ನು ಹೊರಗೆಳೆದಳು. ಅವನು ಮತ್ತೆ ಕೈ ಹಾಕಿದಾಗ ಮಗಳೇ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

ಹೆಂಗಸರು ಬೀದಿ ಕೊನೆಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಟೇಕಲ್ ರಸ್ತೆಯ ಉದ್ದಕ್ಕೂ ಜನ ಎದ್ದು ನಿಂತು ನೋಡಿದರು: ಬಿಳಿ ಬಟ್ಟೆಯಿಂದಾಚೆ ಚಾಚಿದ ಒಂದು ಕೈ, ಬಿಸಿಲಲ್ಲಿ ಒಣಗುತ್ತಿದ್ದ ನೀಲಿ ಹೆಬ್ಬೆರಳು, ಆ ಕೈಯನ್ನು ಕೆಳಗಿನಿಂದ ಹಿಡಿದು ಚಟ್ಟದ ಪಕ್ಕದಲ್ಲೇ ನಡೆಯುತ್ತಿದ್ದ ಅಕ್ಕಯಮ್ಮ.