ಕುಂಕುಮವಿಟ್ಟ ಮೀಟರು

"ಹಾಗಾದ್ರೆ ಇದು ಯಾರದು?"

ನೆಲಮಾಳಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ. ರಮಾಮಣಿ ಗೋಡೆಯ ಮೇಲಿನ ಕರೆಂಟ್ ಮೀಟರಿನ ಮುಂದೆ ನಿಂತು ಕೇಳಿದಳು. ಹಿಂದಿನ ವಾರ ಆಯುಧಪೂಜೆಯಂದು ಕಾರಿಗೆ, ಮಿಕ್ಸಿಗೆ ಇಟ್ಟಂತೆ ಅದಕ್ಕೂ ಕುಂಕುಮ ಇಟ್ಟಿದ್ದಳು. ಬೊಟ್ಟು ಇನ್ನೂ ಹಾಗೇ ಇತ್ತು. ಅದರ ಕೆಳಗೆ ಅಂಕಿಗಳು ಮೂಡಿ ಮಾಯವಾಗುತ್ತಿದ್ದವು. ಪರದೇಶದ ಈ ಬೀದಿಯಲ್ಲಿ ತಂತಿ ಎಳೆದ ಲೈಟ್ ಕಂಪನಿಯವರು ಹಿಂದಿನ ವರ್ಷ ಪ್ರಯೋಗಕ್ಕೆಂದು ಹಾಕಿಹೋದ ಸ್ಮಾರ್ಟ್ ಮೀಟರು ಅದು. ಒಳಗೆ ತಿರುಗುವ ಚಕ್ರವಿಲ್ಲ. ಎಷ್ಟು ಕರೆಂಟ್ ಉರಿಯಿತೆಂದು ತಾನೇ ಓದಿ, ತಾನೇ ಕಳಿಸುತ್ತದೆ.

ಮೇಲೆ ಮಾವ ಕೃಷ್ಣಮೂರ್ತಿಯವರ ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಿತ್ತು. ಮೈಸೂರಿನ ಎಷ್ಟೋ ಮನೆಗಳಲ್ಲಿ ಕಾವ್ಯ ವಾಚಿಸಿದ ಕಂಠ ಅವರದು. ಈಗ ಸಂಜೆ ದೀಪ ಹಚ್ಚಿದ ಮೇಲೆ ನಾಲ್ಕು ಸಾಲು ಹೇಳಿದರೆ ಹೆಚ್ಚು. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಯಂತ್ರ ಉಸಿರು ತುಂಬಬೇಕು.

ಇಲ್ಲಿ ತಂತಿ ಲೈಟ್ ಕಂಪನಿಯದು, ಅದರಲ್ಲಿ ಹರಿಯುವ ಕರೆಂಟನ್ನು ಬೇರೆ ಬೇರೆ ಕಂಪನಿಗಳು ಮಾರುತ್ತವೆ. ಆ ಬೆಳಿಗ್ಗೆ ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡ ಒಬ್ಬ ಬಾಗಿಲು ತಟ್ಟಿದ್ದ. ಅವನು ಹೇಳಿದ್ದು ಇಷ್ಟು: ನೀವು ಕರೆಂಟ್ ಕೊಡುವ ಕಂಪನಿ ಬದಲಿಸಿದ್ದೀರಿ. ಮೀಟರು ಹಳೆಯವರದು, ಅವರು ಕಿತ್ತುಕೊಂಡು ಹೋಗುತ್ತಾರೆ. ಲೈನು ನಿಲ್ಲಬಾರದು ಎಂದಿದ್ದರೆ ನಮ್ಮ ಮೀಟರಿಗೆ ಸಹಿ ಹಾಕಿ. ಶನಿವಾರ ಬರುತ್ತೇನೆ.

ಲೈನು ನಿಂತರೆ ಯಂತ್ರ ನಿಲ್ಲುತ್ತದೆ. ರಮಾಮಣಿಗೆ ಆಮೇಲೆ ಬೇರೇನೂ ಕೇಳಿಸಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ರೇಣು ಹುಳಿಯ ಡಬ್ಬಿ ವಾಪಸ್ ಕೊಡಲು ಬಂದಳು. ಧಾರವಾಡದವಳು. ಹತ್ತಿರದ ಊರಿನ ಲೈಟ್ ಕಂಪನಿಯೊಂದರಲ್ಲಿ ಗಿರಾಕಿಗಳ ಫೋನ್ ಎತ್ತುವ ಕೆಲಸ ಅವಳದು.

"ಯಾಕ್ರೀ ವೈನಿ, ಮುಖ ಹಿಂಗ್ಯಾಕ ಆಗೇದ?"

ರಮಾಮಣಿ ಎಲ್ಲ ಹೇಳಿದಳು. ಸೋಫಾದ ಮೇಲಿದ್ದ ಗಂಡ ಶ್ರೀನಿ ತಲೆಯೆತ್ತಲಿಲ್ಲ. ಅವನು ಕೆಲಸ ಮಾಡುತ್ತಿದ್ದ ಬ್ಯಾಂಕು ಹಿಂದಿನ ವರ್ಷ ಮುಳುಗಿದಂದಿನಿಂದ ಅವನು ಹಾಗೆಯೇ.

"ಅವನು ಹೇಳಿದ್ದು ಸರಿ ಇರಬೇಕು ರೇಣು," ಎಂದ. "ಕೇಬಲ್ ಕಂಪನಿ ಚೇಂಜ್ ಮಾಡಿದ್ರೆ ಬಾಕ್ಸ್ ವಾಪಸ್ ಕೊಡಲ್ವಾ? ಇದೂ ಹಾಗೇ. ಸೈನ್ ಮಾಡಿ ಬಿಟ್ಬಿಡೋಣ."

"ನಿಮ್ಮ ಟಿವಿ ಬಾಕ್ಸ್ ಅಲ್ರೀ ಅದು. ಎಪಿಎಂಸಿ ಯಾರ್ಡ್ ನೋಡೀರಿಲ್ಲೋ? ಅಲ್ಲಿ ತೂಕದ ಕಾಟಾ ಯಾರ್ಡಿಂದು ಇರ್ತದ. ಇವತ್ತು ಈ ಅಂಗಡಿ, ನಾಳೆ ಆ ಅಂಗಡಿ. ನೀವು ಅಂಗಡಿ ಬದಲಿಸಿದ್ರ ಯಾರರೆ ಕಾಟಾ ಕಿತ್ಕೊಂಡು ಹೋಗ್ತಾರೇನು?"

"ಹಾಗಾದ್ರೆ ಮೀಟರ್ ನಮ್ದಾ?" ರಮಾಮಣಿ ಕೇಳಿದಳು. "ಪೂಜೆ ಬೇರೆ ಮಾಡಿದೀನಿ."

"ಪೂಜಾ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿಮ್ಮದೂ ಅಲ್ಲ, ಕರೆಂಟ್ ಮಾರೋ ಕಂಪನೀದೂ ಅಲ್ಲ. ತಂತಿ ಯಾರದೋ ಮೀಟರ್ ಅವರದು. ಕರೆಂಟ್ ಯಾರ ಹತ್ರ ತಗೊಂಡ್ರೂ ಮೀಟರ್ ಇಲ್ಲೇ ಇರ್ತದ. ಲೈನ್ ಹೋದ್ರ ರಿಪೇರಿಗೆ ಬರೋರೂ ಅವರಽ. ಅದಿರ್ಲಿ, ಕಂಪನಿ ಬದಲಿಸಿದ್ಯಾರು?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ರಮಾಮಣಿ ಮೆಲ್ಲಗೆ ಬಾಯಿ ಬಿಟ್ಟಳು.

"ಮೂರು ವಾರದ ಹಿಂದೆ ಬೇರೊಬ್ಬ ಬಂದಿದ್ದ. ಮೀಟರ್ ಅಂದ. ಓದೋಕೆ ಬಂದಿದಾನೆ ಅಂದ್ಕೊಂಡೆ. ಮೈಸೂರಲ್ಲಿ ಕೆಇಬಿಯವರು ಬಂದಾಗ ಅಮ್ಮ ಮಜ್ಜಿಗೆ ಕೊಡ್ತಿದ್ರು, ನಾನೂ ಕೊಟ್ಟೆ. ಬಿಲ್ ಕೇಳಿದ, ತಂದು ತೋರಿಸಿದೆ. ಓದಿಕೊಂಡು ಹೋದ ಗುರುತಿಗೆ ಅಂತ ಒಂದು ಸಹಿ ಹಾಕಿದೆ."

"ತಾನ ಓದಿ ಕಳಸೋ ಮೀಟರ್ ಓದಲಿಕ್ಕೆ ಮನಿಗೆ ಯಾಕ ಬರ್ತಾರ್ರೀ ವೈನಿ? ಬಿಲ್ಲಿನ ಖಾತೆ ನಂಬರು, ಆ ಸಹಿ, ಎರಡೂ ಸಿಕ್ಕಮ್ಯಾಲ ಕಂಪನಿ ಬದಲಿಸ್ಯಾರ."

ಅಂದು ಕೊಟ್ಟ ಲೋಟವನ್ನು ಅವನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ. ರಮಾಮಣಿಗೆ ಅದು ನೆನಪಾಯಿತು.

"ಲೈಟ್ ಕಂಪನಿಯಿಂದ ಪತ್ರ ಬಂದಿರಬೇಕಲ್ಲ?" ರೇಣು ಕೇಳಿದಳು.

ರಮಾಮಣಿ ಫ್ರಿಜ್ಜಿನ ಮೇಲೆ ಕೈ ತೋರಿಸಿದಳು. ಒಡೆಯದ ಲಕೋಟೆಗಳು ಅಲ್ಲಿ ಮೊಳದೆತ್ತರ ಬೆಳೆದಿದ್ದವು.

"ಒಡೆದು ಏನು ಮಾಡ್ಲಿ," ಎಂದ ಶ್ರೀನಿ. "ಯಾವುದರಲ್ಲೂ ಒಳ್ಳೇ ಸುದ್ದಿ ಇರಲ್ಲ."

ರೇಣು ಒಂದೊಂದೇ ಸರಿಸಿ, ಲೈಟ್ ಕಂಪನಿಯದನ್ನು ಹುಡುಕಿ ಅವನ ಕೈಗೇ ಕೊಟ್ಟಳು. ಅವನು ಒಡೆದ. ನಿಮ್ಮ ಮನೆಗೆ ಕರೆಂಟ್ ಕೊಡುವವರು ಬದಲಾಗುತ್ತಿದ್ದಾರೆ, ಬೇಡವಾದರೆ ಸೋಮವಾರದೊಳಗೆ ತಿಳಿಸಿ ಎಂದಿತ್ತು. ಆವತ್ತು ಗುರುವಾರ. ಶ್ರೀನಿ ಪತ್ರವನ್ನು ಎರಡು ಸಲ ಓದಿ, ಸೋಫಾದಿಂದ ಎದ್ದು ನಿಂತ.

ಫೋನ್ ಮಾಡಿದ್ದೂ ಅವನೇ. ಬಂದವನು ಕೊಟ್ಟ ಕಾರ್ಡಿನ ನಂಬರಿಗಲ್ಲ, ಬಿಲ್ಲಿನ ಮೇಲೆ ಅಚ್ಚಾದ ನಂಬರಿಗೆ. ರೇಣು ಅಷ್ಟು ಮಾತ್ರ ಹೇಳಿಕೊಟ್ಟಳು. ಆ ಕಡೆಯ ಲೈಟ್ ಕಂಪನಿಯವರು ಬದಲಾವಣೆ ನಿಲ್ಲಿಸಿದರು. ಮೀಟರು ನಮ್ಮದು, ತೆಗೆಯಲು ಯಾರೂ ಬರುತ್ತಿಲ್ಲ ಎಂದರು. ಮನೆಯಲ್ಲಿ ಆಕ್ಸಿಜನ್ ಯಂತ್ರ ಇರುವುದು ತಮಗೆ ಗೊತ್ತೇ ಇರಲಿಲ್ಲ, ಡಾಕ್ಟರ ಪತ್ರ ಕಳಿಸಿದರೆ ಬರೆದಿಟ್ಟುಕೊಳ್ಳುತ್ತೇವೆ ಎಂದರು.

"ಹಂಗಂತ ಬಿರುಗಾಳಿಗೆ ಲೈನ್ ಹೋಗೂದಿಲ್ಲಂತಲ್ಲ," ಎಂದಳು ರೇಣು. "ಒಂದು ಆಕ್ಸಿಜನ್ ಸಿಲಿಂಡರ್ ಮನ್ಯಾಗ ಇರ್ಲಿ. ಇನ್ನೊಂದ್ ಮಾತು ಕೇಳ್ರಿ. ಈ ಮೀಟರು ತಾಸು ತಾಸಿನ ಲೆಕ್ಕ ಇಡ್ತದ. ನೀವು ಯಾವಾಗ ಏಳ್ತೀರಿ, ಮನಿ ಯಾವಾಗ ಖಾಲಿ ಇರ್ತದ, ಅದನ್ನ ನೋಡಿದವರಿಗೆ ತಿಳೀತದ. ಮೀಟರ್ ನಿಮ್ಮದಲ್ಲ. ಆದ್ರ ಆ ಲೆಕ್ಕ ಕರೆಂಟ್ ಮಾರೋರಿಗೆ ಕೊಡ್ರಿ ಅನ್ನೋ ಮಾತು ನಿಮ್ಮ ಬಾಯಿಂದ ಬರಬೇಕು."

ಒಳಗಿನಿಂದ ಕೃಷ್ಣಮೂರ್ತಿಯವರ ದನಿ ಬಂತು. ಅವರು ಎಲ್ಲ ಕೇಳಿಸಿಕೊಂಡಿದ್ದರು.

"ನನ್ನ ಉಸಿರಿನ ಲೆಕ್ಕಾನೂ ಅದರಲ್ಲಿದೆಯೇನಮ್ಮ?"

"ಅದ ಕಾಕಾ," ಎಂದಳು ರೇಣು. "ರಾತ್ರಿಯೆಲ್ಲಾ ನಿಮ್ಮ ಯಂತ್ರ ನಡೀತದಲ್ಲ."

ಅವರು ಯಂತ್ರದಿಂದ ಒಂದು ಉಸಿರು ಎಳೆದುಕೊಂಡರು.

"ಹಾಗಾದ್ರೆ ಕೇಳಿದವರಿಗೆಲ್ಲ ಕೊಡಬೇಡ ರಮಾ," ಎಂದರು.

ಓದುತ್ತಿರುವ ಅಕ್ಕ, ಅಣ್ಣ, ಕರೆಂಟ್ ಮಾರುವವರನ್ನು ಬದಲಿಸುವುದು ತಪ್ಪಲ್ಲ. ಬದಲಿಸುವುದಾದರೆ ಓದಿ, ವಿಚಾರಿಸಿ, ನೀವಾಗಿ ಬದಲಿಸಿ. ಮೀಟರು ಗೋಡೆ ಬಿಟ್ಟು ಹೋಗುವುದಿಲ್ಲ. ಹೋಗುತ್ತದೆಂದು ಹೆದರಿಸುವವನ ಮುಂದೆ ಪೆನ್ನು ಎತ್ತಬೇಡಿ. ಬಿಲ್ಲಿನಲ್ಲಿರುವ ನಿಮ್ಮ ಖಾತೆಯ ನಂಬರು ಮನೆಯ ಬೀಗದ ಕೈಯಿದ್ದ ಹಾಗೆ, ಬಾಗಿಲಿಗೆ ಬಂದವರ ಕೈಗೆ ಕೊಡುವಂಥದ್ದಲ್ಲ. ಕಾಲ ಕೆಟ್ಟಿದೆ, ಲಕೋಟೆ ಒಡೆಯಲು ಮನಸ್ಸಾಗುವುದಿಲ್ಲ, ನಿಜ. ಆದರೂ ಒಡೆಯಿರಿ. ಒಬ್ಬರಿಗೇ ಆಗದಿದ್ದರೆ ಪಕ್ಕದ ಮನೆಯವರನ್ನು ಕರೆದು ಕೂರಿಸಿಕೊಂಡು ಒಡೆಯಿರಿ. ಮನೆಯಲ್ಲಿ ಯಾರದಾದರೂ ಜೀವ ಯಂತ್ರದ ಮೇಲಿದ್ದರೆ ಲೈಟ್ ಕಂಪನಿಗೆ ಇವತ್ತೇ ತಿಳಿಸಿ.

ಶನಿವಾರ ಸಂಜೆ ಆ ಬ್ಯಾಡ್ಜಿನವನು ಬಂದ. ಒಳಗೆ ದೀಪ ಹಚ್ಚಿಯಾಗಿತ್ತು. ಮಾವ ಕಾವ್ಯದ ಎರಡನೆಯ ಸಾಲಿನಲ್ಲಿದ್ದರು. ಮನೆ ಮನೆ ನಡೆದು ಬಂದವನ ತುಟಿ ಒಣಗಿತ್ತು. ರಮಾಮಣಿ ಬಾಗಿಲನ್ನು ಅರ್ಧ ತೆರೆದು ಮಜ್ಜಿಗೆಯ ಲೋಟ ಹೊರಗೆ ಚಾಚಿದಳು. ಅವನು ಕುಡಿದ, ಲೋಟ ಹಿಂದಿರುಗಿಸಿದ. ಆಮೇಲೆ ಕಾಗದ ಮುಂದೆ ಹಿಡಿದ. ಒಂದೇ ಒಂದು ಸಹಿ, ಜೊತೆಗೆ ಬಿಲ್ಲು ತಂದು ತೋರಿಸಿದರೆ ಎರಡು ನಿಮಿಷದ ಕೆಲಸ ಎಂದ.

ಒಳಗೆ ಯಂತ್ರ ಮೂರನೆಯ ಸಾಲಿಗೆ ಉಸಿರು ತುಂಬುತ್ತಿತ್ತು.

"ನೋ," ಎಂದಳು ರಮಾಮಣಿ. "ಕೊಡೋದಿಲ್ಲ."