ಕೋಳಿಯ ಜೊತೆ ಮಾತಾಡುವ ಹಾಗೆ

"ಈ ಚೆಂಡಿನ ಬಣ್ಣ ಯಾವುದು ಪುಟ್ಟೀ?" ಟೀಚರ್ ಮೂರನೆಯ ಸಲ ಕೇಳಿದರು.

ಪುಟ್ಟ ಕುರ್ಚಿಯ ಅಂಚಿನಲ್ಲಿ ಕೂತಿದ್ದ ಮಗು ಟೀಚರ ಮುಖವನ್ನೇ ನೋಡುತ್ತ ಬಾಯಿ ತೆರೆಯಿತು. ತುಟಿಗಳು ಅಗಲವಾದವು, ನಾಲಿಗೆಯ ತುದಿ ಹಲ್ಲಿನ ಹಿಂದೆ ಒಮ್ಮೆ ಕಾಣಿಸಿತು, ತುಟಿಗಳು ಮತ್ತೆ ಅಗಲವಾದವು. ದನಿ ಮಾತ್ರ ಬರಲಿಲ್ಲ.

"ನೀಲಿ ಅಂದ್ಲಲ್ಲ ಮೇಡಂ," ಎಂದಳು ಗೋಡೆಗೊರಗಿ ನಿಂತಿದ್ದ ತಾಯಿ.

"ಯಾವಾಗ?"

"ಈಗ್ಲೇ. ಮೂರು ಸಲಾನೂ ಅಂದ್ಲು."

ಟೀಚರ್ ತಾಯಿಯನ್ನೊಮ್ಮೆ ಮಗುವನ್ನೊಮ್ಮೆ ನೋಡಿದರು. "ಕಿವಿ ಸರಿಯಾಗಿ ಕೇಳಿಸುತ್ತಾ ಇವಳಿಗೆ?"

"ಅಯ್ಯೋ, ಪಕ್ಕದ ಮನೇಲಿ ಬಿಸ್ಕತ್ತಿನ ಡಬ್ಬಿ ಮುಚ್ಚಳ ತೆಗೆದ್ರೆ ಇವಳಿಗೆ ಇಲ್ಲಿ ಕೇಳಿಸುತ್ತೆ. ಲಾರಿ ಮೇಲೆ ಹೋಗಿರೋ ಅಪ್ಪನ ಹತ್ರ ಫೋನಲ್ಲಿ ಒಂದೇ ಸಮ ಮಾತಾಡ್ತಾಳೆ."

"ನನ್ನ ಹತ್ರ ಆಡ್ಲಿಲ್ವಲ್ಲಮ್ಮ." ಟೀಚರ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡಿ, ಮೂವತ್ತು ಮಕ್ಕಳು, ನಾನೊಬ್ಬಳು. ಹೊಟ್ಟೆನೋವು ಅಂತ ಬಾಯಿಬಿಟ್ಟು ಹೇಳದ ಮಗೂನ ನಾನು ಹೇಗೆ ನೋಡ್ಕೊಳ್ಳಲಿ? ಮುಂದಿನ ಸೋಮವಾರ ಕರ್ಕೊಂಡ್ ಬನ್ನಿ. ನಾಲ್ಕು ಮಾತಾಡಿದ್ರೆ ಸೇರಿಸ್ಕೋತೀನಿ. ಇಲ್ಲಾಂದ್ರೆ ಬರೋ ವರ್ಷ ನೋಡೋಣ."

ತಾಯಿಗೆ ಏನಾಗಿದೆಯೆಂದು ಗೊತ್ತಿತ್ತು. ಟೀಚರಿಗೆ ವಿವರಿಸುವುದು ಹೇಗೆಂದು ಗೊತ್ತಾಗಲಿಲ್ಲ.

ಅವಳು ಮದುವೆಗೆ ಮುಂಚಿನಿಂದಲೂ ಮಗ್ಗದ ಶೆಡ್ಡಿನಲ್ಲಿ ದುಡಿಯುತ್ತಿದ್ದಳು. ಒಂದೇ ತಗಡಿನ ಸೂರಿನಡಿ ನಲವತ್ತು ಮಗ್ಗ, ಎಲ್ಲ ಕರೆಂಟಿನವು. ಲಾಳಿಗಳ ಬಡಿತದಲ್ಲಿ ಕಿವಿಯ ಹತ್ತಿರ ಅರಚಿದರೂ ಒಂದಕ್ಷರ ಕೇಳುತ್ತಿರಲಿಲ್ಲ. ಅಲ್ಲಿನ ಹೆಂಗಸರು ದನಿಯ ಗೊಡವೆಗೇ ಹೋಗದೆ ತುಟಿಯಲ್ಲಿ ಮಾತಾಡುತ್ತಿದ್ದರು. ಆ ಸಾಲಿನವಳು ಈ ಸಾಲಿನವಳಿಗೆ ಗಂಡನ ದೂರು ಹೇಳಿ ಮುಗಿಸುವಷ್ಟರಲ್ಲಿ ನಡುವಿನ ಹತ್ತು ಮಂದಿ ಅದನ್ನು ಓದಿ ನಕ್ಕಿರುತ್ತಿದ್ದರು. ಅತ್ತೆ ಅದೇ ಶೆಡ್ಡಿನಲ್ಲಿ ಮೂವತ್ತು ವರ್ಷ ನೇಯ್ದು, ಎರಡೂ ಕಿವಿಗಳನ್ನು ಅಲ್ಲೇ ಬಿಟ್ಟು ಮನೆಗೆ ಬಂದಿದ್ದಳು. ಹಾಗಾಗಿ ಮನೆಯಲ್ಲೂ ಅದೇ ಮಾತು. ಹೊರಗಿನವರು ಬಂದರೆ ಒಳಗೆ ಯಾರೂ ಇಲ್ಲವೆಂದು ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದರು. ಆ ಹೊತ್ತಿಗೆ ಒಳಗೆ ಅತ್ತೆ ಸೊಸೆ ಕೈ ಬೀಸಿಕೊಂಡು ಜೋರು ಜಗಳದಲ್ಲಿರುತ್ತಿದ್ದರು.

ಮಗು ಹುಟ್ಟಿದಾಗ ನೂಲಿನ ಉಂಡೆಯ ಹಾಗಿತ್ತು. ಆಗ ಇಟ್ಟ 'ಉಂಡೆ' ಎಂಬ ಹೆಸರೇ ಉಳಿದುಕೊಂಡಿತ್ತು. ಉಂಡೆ ಬೆಳೆದದ್ದು ಅಜ್ಜಿಯ ತೊಡೆಯ ಮೇಲೆ, ಅಜ್ಜಿಯ ಬಾಯನ್ನು ನೋಡುತ್ತ.

ಟೀಚರ್ ಹೇಳಿದ್ದನ್ನು ಸೊಸೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತುಟಿಯಲ್ಲೇ ಹೇಳಿದಳು. ಅತ್ತೆ ಕೊನೆಯವರೆಗೂ ಕಣ್ಣು ಮಿಟುಕಿಸಲಿಲ್ಲ.

"ನಾನೇ ಕೆಡಿಸಿದೆ ಮಗೂನ."

"ಸುಮ್ನಿರಿ ಅತ್ತೆ. ನಾನೇನು ಕಮ್ಮೀನಾ? ಕೆಲಸದಿಂದ ಬಂದ ಮೇಲೆ ನನಗೂ ದನಿ ಎತ್ತೋಕೆ ಸೋಮಾರಿತನ."

"ಇನ್ನೊಂದು ವರ್ಷ ನನ್ನ ಜೊತೆ ಬಿಟ್ಟರೆ ಪೂರಾ ಮೂಗಿ ಅಂತ್ಲೇ ಹೆಸರಾಗುತ್ತೆ. ನಾಳೆಯಿಂದ ಅವಳಿಗೆ ನನ್ನ ಮುಖ ತೋರಿಸಲ್ಲ. ನೋಡೋಕೆ ಬಾಯಿ ಇಲ್ಲದಿದ್ರೆ ತಾನಾಗಿ ಕೂಗ್ತಾಳೆ."

"ಕೂಗಿದ್ರೂ ನಿಮಗೆ ಕೇಳಿಸಬೇಕಲ್ಲ!"

"ನನಗೆ ಕೇಳಿಸದಿದ್ರೆ ಏನಂತೆ? ಟೀಚರಿಗೆ ಕೇಳಿಸಿದ್ರೆ ಸಾಕು."

ಮಾರನೆಯ ದಿನದಿಂದ ಅಜ್ಜಿ ಗೋಡೆಗೆ ಮುಖ ಮಾಡಿ ಕೂರತೊಡಗಿದಳು. ಬೆಳ್ಳುಳ್ಳಿ ಬಿಡಿಸುವುದೂ ಹಾಗೆಯೇ, ಗುಂಡಿ ಹೊಲಿಯುವುದೂ ಹಾಗೆಯೇ. ಉಂಡೆಗೆ ಇದೊಂದು ಹೊಸ ಆಟವಾಯಿತು. ಗೋಡೆಗೂ ಅಜ್ಜಿಯ ಮೊಣಕಾಲಿಗೂ ನಡುವಿನ ಸಂದಿಯಲ್ಲಿ ನುಸುಳಿ ಎದುರಿಗೆ ನಿಂತು, 'ಹಸಿವು' ಎಂದು ತುಟಿ ಆಡಿಸಿತು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಮಗು ಎರಡು ಬೆರಳಿನಿಂದ ಅಜ್ಜಿಯ ಒಂದು ರೆಪ್ಪೆಯನ್ನು ಎತ್ತಿ ಹಿಡಿದು, ಅದೇ ಮಾತನ್ನು ಇನ್ನೂ ನಿಧಾನವಾಗಿ, ಇನ್ನೂ ಸ್ಪಷ್ಟವಾಗಿ, ದನಿಯಿಲ್ಲದೆ ಹೇಳಿತು.

ತಾಯಿಯೂ ಸೋತಳು. ಸಂಜೆ ಕೆಲಸ ಬಿಟ್ಟು ಬಂದು ಎದುರಿಗೆ ಕೂರಿಸಿಕೊಂಡು "ಜೋರಾಗಿ ಹೇಳು, ಹಾ ಅನ್ನು" ಎಂದರೆ, ಮಗು ಡಾಕ್ಟರಿಗೆ ಗಂಟಲು ತೋರಿಸುವವರ ಹಾಗೆ ಬಾಯಿ ಕಳೆದು ಕೂರುತ್ತಿತ್ತು. ಶುಕ್ರವಾರ ಅವಳ ಕೈ ಮೇಲೇಳುವವರೆಗೂ ಹೋಯಿತು. ಎದ್ದ ಕೈಯಲ್ಲಿ ಸುಮ್ಮನೆ ಮಗುವಿನ ತಲೆಗೂದಲು ಸರಿಮಾಡಿದಳು.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಸೌದೆಯ ರಾಶಿಯ ಆಚೆಯಿಂದ ಬೈಗುಳ ಕೇಳಿಸಿತು.

"ಏಯ್! ಆಚೆ ಹೋಗು ಅಂದೆ ತಾನೆ? ಎಷ್ಟು ಸಲ ಹೇಳ್ಬೇಕು ನಿಂಗೆ? ಇದು ನನ್ನ ಜಾಗ!"

ಇಣುಕಿದರೆ, ಉಂಡೆ ಸೊಂಟದ ಮೇಲೆ ಕೈಯಿಟ್ಟು ಒಂದು ಕಂದು ಕೋಳಿಯನ್ನು ಗದರುತ್ತಿತ್ತು. ತಾಯಿ ಒದ್ದೆ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಅಲ್ವೇ, ಕೋಳಿ ಹತ್ರ ಇಷ್ಟು ಜೋರಾಗಿ ಮಾತಾಡ್ತೀಯ. ಟೀಚರ್ ಹತ್ರ ಯಾಕೆ ಆಡ್ಲಿಲ್ಲ?"

ಮಗು ತಾಯಿಯ ಕಡೆ ತಿರುಗಿತು. ತಿರುಗಿದ ಕೂಡಲೇ ದನಿ ಹೋಯಿತು. "ಕೋಳಿಗೆ ಬಾಯಿ ನೋಡೋಕೆ ಬರಲ್ಲ," ಎಂದವು ತುಟಿಗಳು.

"ಮತ್ತೆ ಅಪ್ಪನ ಹತ್ರ?"

"ಫೋನಿಗೆ ಕಣ್ಣಿಲ್ಲ."

"ಟೀಚರಿಗೆ?"

"ಟೀಚರ್ ದೊಡ್ಡೋರು." ಇದೂ ಗೊತ್ತಿಲ್ಲವೇ ಎಂಬಂತೆ ನೋಡಿತು. "ಅಜ್ಜಿ ಥರ. ನಿನ್ನ ಥರ."

ತಾಯಿ ವಾರವಿಡೀ ಬಾರದೆಂದುಕೊಂಡದ್ದನ್ನು ಕಲಿಸಲು ಹೆಣಗಿದ್ದಳು. ಮಗುವಿಗೆ ಅದು ಬರುತ್ತಿತ್ತು. ಯಾರಿಗೆ ಯಾವುದನ್ನು ಕೊಡಬೇಕೆಂಬುದಕ್ಕೆ ಅದರದೇ ಲೆಕ್ಕವಿತ್ತು, ಅಷ್ಟೆ.

"ಟೀಚರಿಗೂ ಬಾಯಿ ನೋಡೋಕೆ ಬರಲ್ಲ ಕಣೇ."

"ಬರಲ್ವಾ? ಅಷ್ಟು ದೊಡ್ಡೋರಿಗೆ?"

"ಅವರು ಮಗ್ಗಕ್ಕೆ ಹೋದೋರಲ್ಲ. ಯಾರೂ ಕಲಿಸಿಲ್ಲ."

ಉಂಡೆ ಕೋಳಿಯನ್ನು ನೋಡಿತು. ಆಮೇಲೆ ಒಂದು ನಿಟ್ಟುಸಿರು ಬಿಟ್ಟು, "ಪಾಪ," ಎಂದಿತು. ಆ ಮಾತಿಗೆ ದನಿಯಿತ್ತು.

ಸೋಮವಾರ ಅಜ್ಜಿಯೂ ಜೊತೆಗೆ ಹೊರಟಳು. ಒಳಗೆ ಬಾರದೆ ಕಿಟಕಿಯ ಹೊರಗೆ ಸರಳು ಹಿಡಿದು ನಿಂತಳು. ಟೀಚರ್ ಈ ಸಲ ಬೇರೆ ಚೆಂಡು ತೆಗೆದರು.

"ಇದು ಯಾವ ಬಣ್ಣ?"

ಉಂಡೆ ಕುರ್ಚಿಯಿಂದ ಇಳಿದು, ಟೀಚರ ಮುಖದತ್ತ ಕತ್ತು ಚಾಚಿ, ಒಂದೊಂದಕ್ಷರವನ್ನೂ ಬಿಡಿಸಿ ಕೂಗಿತು. "ಕೆಂ-ಪು! ಗೊತ್ತಾಯ್ತಾ?"

ಹಿಂದಿನ ಸಾಲಿನ ಮಕ್ಕಳು ಕೇಕೆ ಹಾಕಿದರು. ತಾಯಿ ನಾಚಿಕೆಯಿಂದ ಹಣೆ ಹಿಡಿದುಕೊಂಡಳು.

"ಗೊತ್ತಾಯ್ತು ಕಣಮ್ಮ, ಪಕ್ಕದೂರಿಗೂ ಗೊತ್ತಾಯ್ತು," ಎಂದರು ಟೀಚರ್. "ಹೊಟ್ಟೆ ನೋವಾದ್ರೆ ಏನ್ಮಾಡ್ತೀಯ?"

"ಕೂಗ್ತೀನಿ. ನೀವು ಹೆದರ್ಕೋಬೇಡಿ."

ಕಿಟಕಿಯಾಚೆಯಿಂದ ಅಜ್ಜಿಗೆ ಮೊಮ್ಮಗಳ ಜಡೆ, ನಗುತ್ತಿದ್ದ ಟೀಚರ ಮುಖ ಕಾಣುತ್ತಿದ್ದವು, ಮೊಮ್ಮಗಳ ಬಾಯಿ ಕಾಣುತ್ತಿರಲಿಲ್ಲ. "ಏನಂದ್ಲು? ಏನಂದ್ಲು?" ಎಂದು ಸೊಸೆಯನ್ನು ಕೇಳಿದಳು. ಸೊಸೆ ಕೋಣೆಯ ಇನ್ನೊಂದು ಗೋಡೆಯ ಬಳಿಯಿಂದಲೇ ತುಟಿಯಲ್ಲಿ ಒಂದೂ ಬಿಡದೆ ಹೇಳಿದಳು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಮೈ ಕುಲುಕುವಂತೆ ನಕ್ಕಳು.

ಎರಡು ತಿಂಗಳು ಕಳೆದವು. ಉಂಡೆ ಈಗ ಎಲ್ಲರೊಂದಿಗೂ ದನಿಯಲ್ಲೇ ಮಾತಾಡುತ್ತಿತ್ತು. ಅಜ್ಜಿಯ ಹತ್ತಿರವೂ ಅಷ್ಟೇ. ಎದುರಿಗೆ ಕೂತರೆ ಅಜ್ಜಿಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ಆದರೆ ದನಿಯಲ್ಲಿ ಮಾತಾಡುವವರು ಎದುರಿಗೆ ಕೂರಲೇಬೇಕೆಂದಿಲ್ಲ ಎಂಬುದನ್ನೂ ಮಗು ಶಾಲೆಯಲ್ಲಿ ಕಲಿತುಬಂದಿತ್ತು.

ಒಂದು ಸಂಜೆ ತಾಯಿ ಶೆಡ್ಡಿನಿಂದ ಬಂದಾಗ ಉಂಡೆ ನೆಲದ ಮೇಲೆ ಬೋರಲಾಗಿ ಮಲಗಿ ಬಣ್ಣ ತುಂಬುತ್ತಿತ್ತು. ಯಾರೋ ಯಾರನ್ನೋ ತಳ್ಳಿದ್ದು, ಟೀಚರ್ ಬಂದದ್ದು, ನೀರಿನ ಬಾಟಲಿ ಉರುಳಿದ್ದು ಎಲ್ಲವನ್ನೂ ಪುಸ್ತಕದಿಂದ ತಲೆಯೆತ್ತದೆ ಅಜ್ಜಿಗೆ ಹೇಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ಕಾಣುತ್ತಿದ್ದದ್ದು ಬೈತಲೆ ಮಾತ್ರ. ಅವಳು ಮಗುವಿನ ಗಲ್ಲ ಹಿಡಿದೆತ್ತಲು ಕೈ ಚಾಚಿದಳು, ಅರ್ಧಕ್ಕೆ ನಿಲ್ಲಿಸಿದಳು. ಆಮೇಲೆ ಒಂದು ಕೈ ಊರಿ, ಸೊಂಟ ಹಿಡಿದುಕೊಂಡು, ಮೆಲ್ಲಗೆ ಮೈಯನ್ನು ಇಳಿಸುತ್ತ ಇಳಿಸುತ್ತ ನೆಲಕ್ಕೆ ಕೆನ್ನೆಯಿಟ್ಟಳು. ಪುಸ್ತಕದ ಅಂಚಿನಾಚೆ ಪುಟ್ಟ ಬಾಯಿ ಕಾಣಿಸಿತು.

ಮಗು ಹಸಿರು ಬಿಟ್ಟು ಹಳದಿ ಎತ್ತಿಕೊಂಡು ಮಾತು ಮುಂದುವರಿಸಿತು.